ಬೂದಿ ಬೀಳುವ ತನಕ

ಮತ್ರಾದಲ್ಲಿ ಜೂನ್. ಕಡಲು ಬೆವರಿ
ಕಿಟಕಿಯ ಗಾಜಿಗೆ ಒರಗಿಕೊಂಡಿದೆ.
ಹೋಟೆಲಿನ ಆರನೇ ಮಾಳಿಗೆಯಲ್ಲಿ ನನ್ನದೊಂದು ಕೋಣೆ.
ನನ್ನದು ಅಂದರೆ, ಬೀಗದ ಕೈ ನನ್ನದು.
ದೇವದಾರಿನ ಗೋಡೆ, ದೇವದಾರಿನ ಹಲಗೆ,
ಎಪ್ಪತ್ತಕ್ಕೆ ಒಂದು ಗೆರೆ ಕೆಳಗೇ ನಿಲ್ಲಬೇಕಾದ ತೇವದ ಮುಳ್ಳು.
ಬಾಣಂತಿ ಕೋಣೆಯಲ್ಲೂ ಇಷ್ಟು ಜತನ ಕಂಡವಳಲ್ಲ ನಾನು.

ಗುರುವಾರ ಎಂಟಕ್ಕೆ ಹಿಲಾಲ್ ಬಿನ್ ನಾಸಿರ್ ಬರುತ್ತಾರೆ.
ಮೂವತ್ತು ವರ್ಷ ಬಂದರಿನ ಪೈಲಟ್,
ಬೆಟ್ಟದಂಥ ಹಡಗುಗಳನ್ನು ಮೆಲ್ಲಗೆ ದಕ್ಕೆಗೆ ತಂದವರು.
ಕುರ್ಚಿಗೂ ಹಾಗೆಯೇ ಬರುತ್ತಾರೆ, ಒಂದು ಬದಿಯಿಂದ:
ಕೋಲು ಮೊದಲು, ಆಮೇಲೆ ಮೊಣಕಾಲು, ಆಮೇಲೆ ಉಳಿದದ್ದು.
"ಕುಸುಮಾ, ಇವತ್ತು ಯಾವುದು?"
ಕೇಳುವುದು ಮರ್ಯಾದೆಗೆ. ಇಬ್ಬರಿಗೂ ಗೊತ್ತು:
ಒಣಹುಲ್ಲಿನ ಬಣ್ಣದ ಹೊದಿಕೆಯದು,
ಗೇಣಿಗಿಂತ ಒಂದು ಬೆರಳು ಕಮ್ಮಿ.

ಕಿವಿಯ ಹತ್ತಿರ ಹಿಡಿದು ಒತ್ತುತ್ತೇನೆ.
ಚರಚರ ಅಂದರೆ ಒಣಗಿದೆ. ಏನೂ ಅನ್ನದಿದ್ದರೆ ನೆನೆದಿದೆ.
ಇದು ಅನ್ನುತ್ತದೆ,
ಮಗು ನಿದ್ದೆಯಲ್ಲಿ ಮಗ್ಗುಲಾದಷ್ಟು.
ಬುಡದಿಂದ ತುದಿಗೆ ಬೆರಳು ನಡೆಸಿದರೆ
ಗಂಟಿಲ್ಲ, ಪೊಳ್ಳಿಲ್ಲ.
ಯಾರೋ ಹೆಂಗಸು ಸುತ್ತಿದ್ದು, ಊಟ ಆದ ಮೇಲೆ,
ಯಾರ ಮೇಲೂ ಸಿಟ್ಟಿಲ್ಲದ ದಿನ.
"ನಿನಗೆ ಹೇಗೆ ಗೊತ್ತು?" ಅಂದರು ಒಮ್ಮೆ.
ಹೇಳಲಿಲ್ಲ.

ಬಿ.ಸಿ. ರೋಡಿನಿಂದಾಚೆ, ಹನ್ನೊಂದು ವರ್ಷ,
ಬೀಡಿ ಕಟ್ಟಿದವಳು ನಾನು.
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ನೂಲು, ಹೊಗೆಸೊಪ್ಪು.
ದಿನಕ್ಕೆ ಎಂಟುನೂರು; ನೆರೆಮನೆಯಲ್ಲಿ ಮದುವೆಯಿದ್ದರೆ ಆರುನೂರು.
ಶನಿವಾರ ಬ್ರಾಂಚಿನಲ್ಲಿ ಜಯಕರಣ್ಣ ಕಟ್ಟು ಬಿಚ್ಚಿ
ಹೆಬ್ಬೆರಳಲ್ಲಿ ಒಂದೊಂದನ್ನೇ ಒತ್ತಿ
"ಇದು ಸಡಿಲ, ಇದು ಗಟ್ಟಿ" ಎಂದು ಬದಿಗೆ ಬಿಸಾಡುತ್ತಿದ್ದ.
ಆ ಹೆಬ್ಬೆರಳಿಗೆ ಹಾಕದ ಶಾಪವಿಲ್ಲ.
ಈಗ ಅದು ನನ್ನ ಕೈಗೇ ಬಂದು ಕೂತಿದೆ.
ಸಂಬಳ ಕೊಡುವುದೂ ಅದಕ್ಕೇ.

ಕಳೆದ ಗುರುವಾರ ಹಿಲಾಲ್ ಬಂದು ಕೂತರು,
ಖಹ್ವಾ ಕುಡಿದರು, ಖರ್ಜೂರದ ಬೀಜವನ್ನು ಬಸಿಯ ಅಂಚಿಗಿಟ್ಟು
"ಡಾಕ್ಟರು ಬೇಡ ಅಂದಿದ್ದಾರೆ," ಎಂದರು.
ನಾನು ಪೆಟ್ಟಿಗೆ ಮುಚ್ಚಲು ಹೋದೆ.
"ನನಗೆ ಬೇಡ ಅಂದದ್ದು. ನೀನು ಸೇದು. ನನಗೆ ಹೇಳು."

ಇಪ್ಪತ್ತೈದು ಲಕ್ಷ ಬೀಡಿ ಕಟ್ಟಿರಬಹುದು, ಲೆಕ್ಕ ಹಾಕಿದರೆ.
ಒಂದನ್ನೂ ತುಟಿಗಿಟ್ಟವಳಲ್ಲ.
ಬಾಗಿಲ ಕಡೆ ನೋಡಿದೆ. ಮ್ಯಾನೇಜರ್ ನಮಾಜಿಗೆ ಹೋಗಿದ್ದ.

ದೇವದಾರಿನ ಸೀಳಿಗೆ ಬೆಂಕಿ ಹಚ್ಚಿ
ತುದಿಗೆ ಮುಟ್ಟಿಸದೆ, ದೂರದಿಂದ ತೋರಿಸಿದೆ,
ಇಷ್ಟು ದಿನ ಅವರಿಗೆ ಮಾಡಿಕೊಟ್ಟ ಹಾಗೆ.
"ಒಳಗೆ ಎಳೆಯಬೇಡ. ಹೊಗೆ ಅತಿಥಿ.
ಮಜ್ಲಿಸಿನಲ್ಲಿ ಕೂರಿಸಿ ಕಳಿಸು,
ಒಳಮನೆಗೆ ಬಿಡಬೇಡ."

ಮೊದಲು ಏನೂ ಇಲ್ಲ. ಬಿಸಿ ಗಾಳಿ.
ಏನೂ ಇಲ್ಲ, ಅಂದೆ.
"ಕಾಯಿ."
ಆಮೇಲೆ ಹುರಿದ ಗೇರುಬೀಜ, ಸಿಪ್ಪೆ ಸಮೇತ.
ಕೆನೆ ಕಟ್ಟುವ ಮೊದಲಿನ ಹಾಲು.
ಹೊಸ ಚಾಪೆ ಬಿಚ್ಚಿದಾಗಿನ ವಾಸನೆ.
ಖಾರ ಬಂದೀತೆಂದು ನಾಲಿಗೆ ಹೆದರಿ ಕೂತಿತ್ತು;
ಬರಲಿಲ್ಲ. ಒಂದು ಸಲ ಒಳಗಿಣುಕಿ,
ಮನೆಯಲ್ಲಿ ಗಂಡಸರಿಲ್ಲವೆಂದು ತಿಳಿದ ನೆಂಟನಂತೆ
ಹಾಗೇ ತಿರುಗಿ ಹೋಯಿತು.
ಬೀಡಿ ಎಂದರೆ ಕೆಮ್ಮು, ಅವಸರ, ಬಸ್ ಸ್ಟ್ಯಾಂಡು.
ಇದಕ್ಕೆ ಹೋಗಬೇಕಾದ ಊರೇ ಇಲ್ಲ.

ಅರ್ಧ ದಾರಿಯಲ್ಲಿ ನನ್ನ ಹಿಂದಿ ಮುಗಿಯಿತು,
ಅವರದ್ದು ಎಂದೋ ಮುಗಿದಿತ್ತು.
ಉಳಿದದ್ದನ್ನು ತುಳುವಿನಲ್ಲೇ ಹೇಳಿದೆ:
ತಡ್ಪೆಯ ವಿಷಯ, ಜಯಕರಣ್ಣನ ವಿಷಯ,
ಸುತ್ತಿದವಳು ಇದನ್ನು ಸೇದಿರಲಾರಳು ಎಂಬುದನ್ನೂ.
ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು,
ಮಂಜಿನಲ್ಲಿ ಆಳ ಕೂಗುವವನನ್ನು ಕೇಳಿಸಿಕೊಳ್ಳುವಂತೆ.

"ಬೂದಿ?"
ನಿಂತಿದೆ.
"ಎಷ್ಟು?"
ಎರಡು ಬೆರಳು.
"ಬಣ್ಣ?"
ಬಿಳಿ. ಸಡಿಲವೂ ಅಲ್ಲ, ಗಟ್ಟಿಯೂ ಅಲ್ಲ.
"ತಟ್ಟಬೇಡ," ಅಂದರು ಹಿಲಾಲ್. "ತಾನಾಗಿ ಬೀಳಲಿ."