ಚೀಲದ ತೂಕ

ಗೋಕುಲ ರೋಡಿನ ತಕ್ಕಡಿ ಕಾರ್ಖಾನಿ, ಮ್ಯಾಲಿನ ಖೋಲಿ.
ಕೆಳಗ ಗ್ರೈಂಡರಿನ ಕಿರುಚು.
ನನ್ನ ಪರದೆ ತುಂಬ ಕೆಂಪು ಗೀರು,
ಸಿಟ್ಟಿಗೆದ್ದ ಮಾಸ್ತರು ತಿದ್ದಿದ ಕಾಪಿಯಂಗ
ಸಾಲು ಸಾಲಿನ ಬುಡಕ್ಕೂ.

ತಪ್ಪೇನಿಲ್ಲ ಅದರಾಗ. ಇದೇ ಕೋಡು
ಹನ್ನೊಂದು ವರ್ಷದಿಂದ ಅಮರಗೋಳದ ಪ್ಯಾಟಿಯೊಳಗ
ಉಳ್ಳಾಗಡ್ಡಿ ತೂಗತೈತಿ, ಶೇಂಗಾ ತೂಗತೈತಿ.
ಕಂಪೈಲರಿಗೆ ಎಲ್ಲಾ ಗೊತ್ತು.
ಎಡಿಟರಿಗೆ ಮಾತ್ರ ಯಾವ ಹೆಡರು ಯಾವ ಓಣಿಯೊಳಗ
ಅನ್ನೋದು ತಿಳೀದು.
ಹೊಸದಾಗಿ ಬಂದ ಪೋಸ್ಟಮನ್ನು
ಕೈಯಾಗ ಕಾಗದ ಹಿಡಕೊಂಡು
ಮೊದಲ ತಿರುವಿನಾಗ ನಿಂತುಬಿಟ್ಟಾನ.

‘ಟೇರ್’ ಅನ್ನೋ ಹೆಸರಿನ ಮ್ಯಾಲ ಕರ್ಸರ್ ಇಟ್ಟು ಕೇಳತೀನಿ:
ಎಲ್ಲಿ ಹುಟ್ಟಿದಿಯವ್ವಾ ನೀ?
ಉತ್ತರ ಇಲ್ಲ.

ಒಂದು ಉಪಾಯ ಐತಿ.
ಮೇಕ್ ಓಡುವಾಗ ಬಾಗಿಲದಾಗ ಒಬ್ಬ ದಿವಾನಜಿಯನ್ನ ಕೂಡಸೋದು.
ಅಂವ ಕೆಲಸಕ್ಕೆ ಕೈ ಹಚ್ಚಂಗಿಲ್ಲ.
ಒಳಗ ಹೋಗೋ ಒಂದೊಂದು ಆಜ್ಞೆಗೂ ಕಿವಿಗೊಟ್ಟು ಬರಕೋತಾನ:
ಯಾವ ಫೈಲು, ಯಾವ ಫೋಲ್ಡರಿನಾಗ ನಿಂತು,
ಏನೇನು ಫ್ಲ್ಯಾಗು ಹಚ್ಚಿ ಕರೆದರು.
ಅಷ್ಟ. ತನ್ನದೊಂದು ಷರಾ ಸೇರಸಂಗಿಲ್ಲ.

ಕೂಡಸಿದೆ. ಓಡಿಸಿದೆ. ಎರಡು ಸೆಕೆಂಡು.
ವಹಿ ತೆಗೆದರ
ಒಂದು ಚೌಕ ಕಂಸ ತೆರದೈತಿ, ಅಲ್ಲೇ ಮುಚ್ಚೇತಿ.
ನಡುವ ಗಾಳಿ.

ಇದನ್ನೆಲ್ಲಾ ಬರೆದವರು ದಾವಲಸಾಬ ನದಾಫ.
ಈಗ ಬೆಟಗೇರಿಯಾಗ ಹೊಲಿಗಿ ಮಷೀನ ರಿಪೇರಿ ಮಾಡತಾರ.
ಫೋನು ಹಚ್ಚಿದೆ. ಹಿಂದ ಯಾರೋ ಸೂಜಿಗೆ ಚೌಕಾಶಿ ನಡೆಸಿದ್ದರು.
“ಮಾಡಿಟ್ಟ ಅಡಗಿ ಮುಂದ ಪೆನ್ನು ಹಿಡದು ಕುಂತರ
ಏನ ಬರಕೋತಾನ ತಂಗೀ ಅಂವ?
ಇದ್ದದ್ದು ಚೆಲ್ಲು. ಮತ್ತ ಒಲಿ ಹಚ್ಚು.
— ಏ, ಹತ್ತಕ್ಕ ಬರಂಗಿಲ್ಲ ಅದು, ಹದಿನೈದು ಕೊಡ್ರಿ —
ತಿಳೀತಿಲ್ಲೋ?”

ತಿಳೀತು. ಆದರ ಚೆಲ್ಲಲಿಕ್ಕೆ ಜೀವ ಒಲ್ಲೆನ್ನತಿತ್ತು.
ಇಷ್ಟು ವರ್ಷ ತಣ್ಣಗ ಕುಂತದ್ದು
ಮತ್ತ ಕುದಿಯತೈತಿ ಅಂತ ಯಾರು ಹೇಳಬೇಕು?
ಕ್ಲೀನ್ ಅಂತ ಹೊಡದೆ.
ಪರದೆ ಮ್ಯಾಲ ಸಾಲು ಹರೀಲಿಕ್ಕೆ ಹತ್ತಿದವು.
ನಡುವ ಕರೆಂಟು ಹೋತು, ಗ್ರೈಂಡರ್ ನಿಂತಿತು,
ಯುಪಿಎಸ್ ಕುಂಯ್‌ಗುಡುತ್ತ ತಡಕೊಂಡಿತು,
ನಾನೂ ತಡಕೊಂಡೆ.

ನೂರಾ ಹದಿನೇಳು ನಮೂದು!
ಕೆಂಪು ಗೀರು ಒಂದೊಂದ ಅಳಿದವು,
ಅರಿವಿ ಒಣಗಿದಂಗ, ಅಂಚಿನಿಂದ ನಡುವಿಗೆ.
ಟೇರ್ ಮ್ಯಾಲ ಕರ್ಸರ್. ಒಂದು ಕೀಲಿ.
ಹಾರಿದೆ.

ಗೋಣಿಚೀಲದ ತೂಕ ಕಳೆಯೋ ಫಂಕ್ಷನ್ನು ಅದು.
ಏಳೇ ಸಾಲು. ಅದರಾಗೂ ಮೂರು ಬೂದಿ ಬಣ್ಣ.
ಎಂದೂ ಓಡದ ಕೋಡು, ಅಂದುಕೊಂಡೆ,
ಅಳಸಲಿಕ್ಕೆ ಬೆರಳು ಹೋಗಿತ್ತು.
ಯಾಕೋ ತಿರುಗಿ ವಹಿ ನೋಡಿದೆ.

ಇದೊಂದ ಫೈಲು ಎರಡು ಸಲ ಬರಕೊಂಡಾನ ದಿವಾನಜಿ.
ಮೊದಲ ಸಲ ಬರೀ ಹೆಸರು.
ಎರಡನೇ ಸಲ ಹೆಸರಿನ ಬೆನ್ನಿಗೆ ‘ಮಳಿಗಾಲ’ ಅನ್ನೋ ಫ್ಲ್ಯಾಗು.
ಒಣ ಚೀಲಕ್ಕೊಂದು ಮಷೀನು,
ತೊಯ್ದ ಚೀಲಕ್ಕೊಂದು.
ಎಡಿಟರು ಮೊದಲಿಗೆ ಸಿಕ್ಕವನ ಮಾತು ನಂಬಿ
ಇನ್ನೊಬ್ಬನ ಸತ್ಯಕ್ಕ ಬೂದಿ ಬಳದಿತ್ತು.

ಎರಡನೇ ನಮೂದನ್ನ ಮ್ಯಾಲ ತಂದಿಟ್ಟೆ.
ಆ ಮೂರು ಸಾಲು ಬಣ್ಣ ತಗೊಂಡವು.
ಅದರ ಮ್ಯಾಲಿನ ಎರಡು, ಇಷ್ಟೊತ್ತು ಬೆಳಗಿದ್ದು,
ಮಂಕಾದವು.
ಹಿಂಗ ಇಡತೀನಿ, ಹಂಗ ಇಡತೀನಿ. ಚಾ ಆರತು.

ಒಣ ಚೀಲಕ್ಕ ಆರುನೂರು ಗ್ರಾಮು.
ತೊಯ್ದದ್ದಕ್ಕ ಒಂಬೈನೂರಾ ಎಂಬತ್ತು.
ಸಾವಿರ ಅಲ್ಲ. ಒಂಬೈನೂರಾ ಎಂಬತ್ತು.
ಯಾವ ಚೀಲ ತೋಯಿಸಿದ್ರಿ ದಾವಲಸಾಬ?
ಯಾವ ಮಳಿಯಾಗ? ಹಿಂಡಿ ತೂಗಿದ್ರೋ,
ನೀರು ಸೋರೂದು ನಿಲ್ಲೋತನಕ ಕಾದ್ರೋ?
ಮುಂಜಾನೆ ಮತ್ತ ಫೋನು ಹಚ್ಚಬೇಕು.
ದಿವಾನಜಿ ಅದನ್ನ ಬರಕೊಂಡಿಲ್ಲ.