ಸುಣ್ಣದವ್ವ

ಭಾನುವಾರ ರಾತ್ರಿ ಒಂಬತ್ತಕ್ಕ
ಬೆಟಗೇರಿಯ ಅಂಬಾಸಾ ಕಾಕಾನ ಮಗ್ಗದ ಮನಿಯೊಳಗ
ಟೀವಿ ಮುಂದ ಹದಿನೆಂಟು ಮಂದಿ.
ಗಿರಮಿಟ್ಟಿನ ಹಾಳಿ ಸದ್ದು ಮಾಡಿದರೂ ಬೈಗಳ.

ರಾಣಿ ಬಂದಳು.
"ಇಷ್ಟ ಬೆಳ್ಳಗ ಇದ್ದಿಲ್ಲ ಅಕಿ" ಅಂದ ಈರಣ್ಣ.
"ಹುಬ್ಬು ಕೂಡಿದ್ದುವು" ಅಂದಳು ಕಮಲಾಕ್ಷಿ,
ತನ್ನ ಕೂಡುಹುಬ್ಬು ಸವರಿಕೊಂಡು.
ಗಾಳಿಸರ್ಪ ಬಂತು, ಮೋಡ ಹರಕೊಂಡು.
"ಹಸರ ಯಾಕ ಮಾಡ್ಯಾರ?
ಇಳಕಲ್ ಸೆರಗಿನ ಕೆಂಪಲ್ಲೇನ ಅದು?"

ಪುಸ್ತಕದೊಳಗ ಬಣ್ಣ ಹೇಳಿಲ್ಲ.
ನಾ ಓದಿದ ದಿನ ರುದ್ರವ್ವನ ಮಗ್ಗದ ಮ್ಯಾಲ
ಆ ಕೆಂಪು ಇತ್ತು, ಅಷ್ಟ.

ಐದು ಸಂಪುಟ.
ವಾಚನಾಲಯದಿಂದ ಒಂದೊಂದ ತಂದು
ಹನ್ನೆರಡು ವರ್ಷದಾಕಿ ನಾ ಓದತಿದ್ದೆ.
ನನ್ನ ಪಾಲಿನ ಕಂಡಿಕಿ ಹುಸೇನಬಿ ಸುತ್ತತಿದ್ದಳು.
ಲಾಳಿ ಸದ್ದಿನಾಗ ಮಾತು ಮುಳುಗಬಾರದಂತ
ಚೀರಿ ಓದತಿದ್ದೆ, ಗುಟ್ಟಿನ ಮಾತನ್ನೂ.
ಹಿಂಗಾಗಿ ಆ ರಾಜ್ಯದ ಪ್ರೇಮಿಗಳೆಲ್ಲಾ
ನಳದ ಮುಂದ ಕೊಡಕ್ಕ ಜಗಳಾಡಿದಂಗ ಕೇಳತಿದ್ರು.

ಮೂರನೇ ಸಂಪುಟ.
ಇನ್ನೂರಾ ಎಂಟರ ಮುಂದ ಇನ್ನೂರಾ ಇಪ್ಪತ್ತೈದು.
ಹದಿನಾರು ಪುಟದ ಒಂದು ಫಾರಂ
ಹೊಲಿಯೋ ಮುಂದ ಯಾರೋ ಮರತಿದ್ದರು.
ಎಡಕ್ಕ ರಾಜಕುಮಾರ ನೆಲಮಾಳಿಗಿಯೊಳಗ, ಕಾಲಾಗ ಸರಪಳಿ.
ಬಲಕ್ಕ ಅವನ ಕುದುರಿ ಹೊಳಿ ದಾಟೇತಿ.
ಮಗ್ಗ ಒಂದೊಂದ ನಿಂತವು.
"ಮುಂದ?"

ಎದುರಿಗೆ ಹುಸೇನಬಿ ಎಲಿಗೆ ಸುಣ್ಣ ಹಚ್ಚತಿದ್ದಳು.
ಪುಟ ತಿರುವಿದಂಗ ಮಾಡಿ ಓದಿದೆ:
'ಆಗ ಸುಣ್ಣ ಮಾರುವ ಮುದುಕಿಯೊಬ್ಬಳು ಬಂದಳು.
ಕಾವಲುಗಾರರು ಆಕೆಯನ್ನು ತಡೆಯಲಿಲ್ಲ.
ಆಕೆ ದಿನವೂ ಬರುತ್ತಿದ್ದಳು,
ಅವರು ಒಂದು ದಿನವೂ ನೋಡಿರಲಿಲ್ಲ.'

ಮೂರು ಸಂಜಿ ನಡೀತು ಆ ಹದಿನಾರು ಪುಟ.
ಮುದುಕಿ ಹುಡುಗನ ಸುತ್ತ ಸುಣ್ಣದ ಗೆರಿ ಎಳದಳು,
ಸರ್ಪ ಬಂದು ಮೂಸಿ, ಬರೇ ಗ್ವಾಡಿ ಅಂತ ತಿಳದು ಹೋತು.

ಮೊನ್ನೆ ಟೀವಿಯೊಳಗ ಆ ರಾತ್ರಿ ಬಂತು.
ಹುಡುಗ ಒಂದು ಕಲ್ಲು ಎತ್ತಿ ಸರಪಳಿ ಒಡದ. ಹೋದ.
ಜಾಹೀರಾತು: ಯಾವುದೋ ಸಾಬಾಣ.

"ಸುಣ್ಣದವ್ವ ಎಲ್ಲಿ?"
"ಈಗ ಬರತಾಳ ತಡಿ."
ಬರಲಿಲ್ಲ.
ಈರಣ್ಣ ಎದ್ದು ನಿಂತ: "ಸರ್ಪಕ್ಕ ರೊಕ್ಕ ಐತಿ,
ಒಬ್ಬ ಮುದುಕಿಗೆ ಇಲ್ಲೇನ ಇವರ ಹತ್ರ?"
ಕಮಲಾಕ್ಷಿ ಮೂಗು ಒರಸಿಕೊಂಡಳು.
ರುದ್ರವ್ವ ಭಾಳ ಹೊತ್ತಿನ ಮ್ಯಾಲ ಅಂದಳು,
"ಕೊಂದು ತೋರಿಸಿದ್ರೂ ಸೈ ಅಂತಿದ್ದೆ.
ಹುಟ್ಟೇ ಇಲ್ಲ ಅಂದ್ರ ಹೆಂಗ?"

ಅಂಬಾಸಾ ಕಾಕಾ ಟೀವಿ ಆರಿಸಿ
ಲೆಕ್ಕದ ವಹಿಯಿಂದ ಹಾಳಿ ಹರದು ಕೊಟ್ಟ.
"ಬರಿ ನೀ. ಓದಿದಾಕಿ ನೀ.
ಪುಟದ ನಂಬರ್ ಹಾಕಿ ಬರಿ, ಬಾಯಿ ಮುಚ್ಚಬೇಕು ಅವರು."

ಹೇಳಿಬಿಡಬೇಕಂತ ಬಾಯಿ ತೆರೆದೆ.
ಧಾರವಾಡದ ಅಂಗಡಿಯೊಂದರಾಗ ನಿಂತ ನಿಂತಲ್ಲೇ
ಆ ಫಾರಂ ನಾ ಓದಿ ನಾಕು ವರ್ಷ ಆತು.
ಅಲ್ಲಿ ಒಂದು ಔತಣ ಐತಿ, ಒಂಬತ್ತು ನಮೂನಿ ಮದ್ಯ,
ಮತ್ತ ಕಡೀ ಪುಟದಾಗ ಆ ಕಲ್ಲು.
ಟೀವಿಯವರು ಸುಳ್ಳು ತೋರಿಸಿಲ್ಲ.

ಹದಿನೆಂಟು ಮಂದಿ ಪೆನ್ನಿನ ತುದಿ ನೋಡತಿದ್ದರು.
'ಮೂರನೇ ಸಂಪುಟ, ಪುಟ ಇನ್ನೂರಾ ಒಂಬತ್ತರಿಂದ'
ಅಂತ ಬರದೆ.
ಅಕ್ಷರ ಎಂದಿಗಿಂತ ದುಂಡಗ ಬಂದವು.

ಎಲ್ಲಾರೂ ಸಹಿ ಮಾಡಿದರು.
ಕಡೀಕ ಹುಸೇನಬಿ.
ನನ್ನ ಮಾರಿ ಒಮ್ಮೆ ನೋಡಿ,
ಏನೂ ಅನ್ನದ, ಸೊಂಟದ ಡಬ್ಬಿ ತಗದು,
ಹೆಬ್ಬಟ್ಟು ಸುಣ್ಣದಾಗ ಅದ್ದಿ ಒತ್ತಿದಳು.

ಬಿಳಿ ಹಾಳಿ ಮ್ಯಾಲ ಏನೂ ಕಾಣಲಿಲ್ಲ.
ಮಡಚೋ ಮುಂದ
ಬೆರಳಿಗೆ ತರಿ ಹತ್ತಿತು.