ಹಿಂಬದಿ

ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿದರೆ ಎಡಕ್ಕೆ
ಉಸ್ಮಾನಿಕ್ಕನ ಪ್ರೆಸ್ಸು. ಅದರ ಜಗಲಿಯ ಮೇಲೆ
ಒಂದು ಮೇಜು, ಒಂದು ಕತ್ತರಿ, ನಾನು.

ಪ್ರೆಸ್ಸಿನಲ್ಲಿ ತಪ್ಪಾದದ್ದೆಲ್ಲ ನನ್ನ ಪಾಲು:
ವರನ ಇನಿಶಿಯಲ್ ಅದಲುಬದಲಾದ ಲಗ್ನಪತ್ರಿಕೆ,
‘ಆಗಮಿಸಿ’ ಹೋಗಿ ‘ಆಗಮಸಿ’ ಆದ ಐವತ್ತು ಹಾಳೆ,
ಶಾಯಿ ಕುಡಿದು ಉಬ್ಬಿದ ರಟ್ಟು.
ಒಂದು ಬದಿಯಲ್ಲಿ ಯಾರದೋ ತಪ್ಪು,
ಇನ್ನೊಂದು ಬದಿ ಇನ್ನೂ ಯಾರದೂ ಅಲ್ಲ.
ಅಲ್ಲಿಂದ ನನ್ನ ಕೆಲಸ ಶುರು.

ಅಂಟು ಮನೆಯಲ್ಲೇ ಕಾಯಿಸುತ್ತೇನೆ, ಮೈದಾದ್ದು.
ಹುಳ ಬೀಳದಿರಲು ಚಿಟಿಕೆ ಮೈಲುತುತ್ತ.
ಈ ಊರಲ್ಲಿ ಅದಕ್ಕೇನು ಬರ?
ಕಾಫಿಗೆ ಹೊಡೆದು ಉಳಿದದ್ದು ಎಲ್ಲರ ಅಟ್ಟದಲ್ಲೂ ಇದೆ,
ನೀಲಿ ಕಲ್ಲುಸಕ್ಕರೆಯ ಹಾಗೆ,
ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ.

ಕೈಲ್‌ಪೊಳ್ದ್‌ಗೆ ಒಂದು ವರ್ಷ ತೋಕ್‌ಪೂ ಒಣಗಿಸಿ ಅಂಟಿಸಿದೆ,
ಹಳೇ ಟೆಲಿಫೋನ್ ಡೈರೆಕ್ಟರಿಯ ನಡುವೆ ಹತ್ತು ದಿನ ಇಟ್ಟು.
ಬೆಂಕಿಯಂತಿದ್ದದ್ದು ಚಹಾದ ಕಲೆಯಾಗಿ ಹೊರಬಂತು.
ನಿವೃತ್ತ ಸುಬೇದಾರರೊಬ್ಬರು ಬೆಳಕಿಗೆ ಹಿಡಿದು ನೋಡಿ
“ನನ್ನ ಕೋವಿಗೆ ತುಕ್ಕಿಲ್ಲ, ನನಗಿದೆ; ನನಗಿದು ಸರಿ”
ಅಂದು ಎರಡು ಕೊಂಡರು.

ಪುತ್ತರಿಗೆ ಒಂದೊಂದು ತೆನೆ ಹೊಲಿದು ಕಳಿಸಿದೆ.
ಅಂಚೆಯ ಜೋಯಪ್ಪ ಬಂದು ಚೀಲ ಕೊಡವಿ ತೋರಿಸಿದ:
“ಸಿಸಿಲಿಯಕ್ಕ, ಪೊನ್ನಂಪೇಟೆ ಮುಟ್ಟುವಾಗ
ಕಾಗದ ಕಾಗದದ ಕಡೆ, ಭತ್ತ ಭತ್ತದ ಕಡೆ.”

ಕಕ್ಕಡದಲ್ಲಿ ಏನೂ ಒಣಗುವುದಿಲ್ಲ, ನಿಜ.
ಆದರೆ ಹದಿನೆಂಟನೇ ದಿನ ಪಕ್ಕದ ಮನೆಯಲ್ಲಿ
ಮದ್ದುಸೊಪ್ಪು ಬೇಯಿಸಿದ ನೀರು
ಪಾಯಸಕ್ಕೆ ಹೋಗುವ ಮೊದಲು ಒಂದು ಲೋಟ ನನಗೆ.
ಅಷ್ಟು ನೇರಳೆ ಯಾವ ಅಂಗಡಿಯ ಬಾಟಲಿಯಲ್ಲೂ ಇಲ್ಲ.
ಕ್ರಿಸ್ಮಸ್ಸಿನ ಇರುಳಿಗೆ ಅದೇ ಆಕಾಶ,
ಸಿಗರೇಟು ಪ್ಯಾಕಿನ ಬೇಗಡೆಯ ನಕ್ಷತ್ರ.
ಈಸ್ಟರ್ ಹೊತ್ತಿಗೆ ಬಣ್ಣ ಮಾಸುತ್ತದೆ;
ಕೊಳ್ಳುವವರಿಗೆ ಮೊದಲೇ ಹೇಳುತ್ತೇನೆ.

ಆ ಮುನ್ನೂರು ಮಾತ್ರ ತಪ್ಪಾಗಿರಲಿಲ್ಲ.
ದಪ್ಪ ಕೆನೆಬಣ್ಣ, ಅಂಚಿಗೆ ಕೂದಲೆಳೆಯ ಚಿನ್ನ,
ಅಕ್ಷರ ಸರಿ, ತಾರೀಕು ಸರಿ, ಮಂಟಪವೂ ಸರಿ.
ಹುಡುಗಿಯೇ ಬಂದು, ಕೂರದೆ, ಬಾಕಿ ಹಣ ಎಣಿಸಿಟ್ಟು
“ಬೇಡ” ಅಂದು ಹೋದಳಂತೆ.
ಉಸ್ಮಾನಿಕ್ಕ ಕಟ್ಟು ಬಿಚ್ಚದೆ ನನ್ನ ಮೇಜಿನ ಕೆಳಗಿಟ್ಟ.
ಒಂದು ಮಳೆಗಾಲ ಅದು ಕಾಲಿಗೆ ತಾಗುತ್ತಿತ್ತು.
ಆಮೇಲೆ ಕತ್ತರಿಸಿದೆ.
ಹೆಸರಿನ ನಡುವೆ ಹಾಯುವಾಗ
ಕೈ ಸ್ವಲ್ಪ ಓರೆಯಾಯಿತು, ಇಲ್ಲ ಅನ್ನಲಾರೆ.

ಒಂಬತ್ತು ವರ್ಷ.
ಮೊನ್ನೆ, ಕಕ್ಕಡ ಮುಗಿದ ವಾರ, ಒಬ್ಬಾಕೆ;
ಕಂಕುಳಲ್ಲಿ ಹೆಲ್ಮೆಟ್ಟು, ಜೊತೆಗೆ ಮುಂದಿನ ಹಲ್ಲಿಲ್ಲದ ಹುಡುಗಿ.
ತನಗೆ ಕೊಡಬೇಕಾದ ಕಾರ್ಡನ್ನು ಹುಡುಗಿ ತಾನೇ ಆರಿಸಿತು:
ನೇರಳೆ ಆನೆ, ಬೆನ್ನ ಮೇಲೆ ಆರು ಮೊಂಬತ್ತಿ.
ಆಕೆ ತಿರುಗಿಸಿ ನೋಡಿದಳು.
ನಾನು ಮುಚ್ಚಲು ಮರೆತ ಬೆರಳಗಲ ಅಲ್ಲಿತ್ತು:
ಚಿನ್ನದ ಗೆರೆಯ ತುಂಡು, ‘ದಮ್ಮ’,
ಅದರ ಕೆಳಗೆ ‘ಡಿಸೆಂ’.

ಹಾಗೆ ಮುಗಿಯುವ ಹೆಸರು ಈ ಸೀಮೆಯಲ್ಲಿ ಮನೆಗೆ ಮೂರು.
ಚೋಂದಮ್ಮ ಎಂದು ಓದಬಲ್ಲವರು
ಆ ಜಗಲಿಯಲ್ಲಿ ಇಬ್ಬರೇ ಇದ್ದೆವು.

“ಬೇರೆ ಕೊಡಲಾ?” ಅಂದೆ.
ಆಕೆ ಹೆಬ್ಬೆರಳಲ್ಲಿ ಕಾಗದದ ದಪ್ಪ ಉಜ್ಜಿದಳು,
ಸೀರೆಯಂಗಡಿಯಲ್ಲಿ ಸೆರಗು ನೋಡುವ ಹಾಗೆ.
“ಬೇಡ.”
ಅಂದಿನದೇ ಬೇಡವೋ ಏನೋ, ಅಂದು ನಾನು ಕೇಳಿಸಿಕೊಂಡಿರಲಿಲ್ಲ.
“ಕಾಗದ ಆರಿಸಿದ್ದು ನಾನೇ. ಮೈಸೂರಲ್ಲಿ ಮೂರು ಅಂಗಡಿ ಸುತ್ತಿದ್ದೆ.
ಹಾಳಾಗಲಿಲ್ಲವಲ್ಲ.”

ಮೂವತ್ತು ರೂಪಾಯಿ. ಚಿಲ್ಲರೆ ಇರಲಿಲ್ಲ,
ಲಕೋಟೆ ಒಂದು ಹೆಚ್ಚು ಕೊಟ್ಟೆ.
ಆನೆಗೆ ಕಿವಿ ಸಾಲದು ಎಂದು ದೂರುತ್ತಲೇ
ಹುಡುಗಿ ಸ್ಕೂಟರು ಹತ್ತಿತು.

ಮೇಜಿನ ಕೆಳಗೆ ನಲವತ್ತೋ ಐವತ್ತೋ ಇನ್ನೂ ಇವೆ.
ಆ ಬೆರಳಗಲವನ್ನು ಮುಚ್ಚಬೇಕೋ ಬಿಡಬೇಕೋ, ಗೊತ್ತಿಲ್ಲ.
ಸದ್ಯಕ್ಕೆ
ಆನೆಗಳ ಕಿವಿ ದೊಡ್ಡದು ಮಾಡುತ್ತಿದ್ದೇನೆ.